ಕಡಲ ಕಸಕ್ಕೆ ದಂಡ ತೆರುವವರು ಯಾರು?

ಧಾರವಾಡದಿಂದ ಸವದತ್ತಿಯ ಮಾರ್ಗವನ್ನು ಹಿಡಿದು ಹೊರಟವನಿಗೆ ಕೆಲವೇ ಮೈಲುಗಳಲ್ಲಿ ಅಮ್ಮಿನಬಾವಿಯು ಎದುರಾಗುವುದು. ಹೆಸರಿನಲ್ಲಿಯೇ ಬಾವಿಯನ್ನಿಟ್ಟುಕೊಂಡ ಊರು; ಸುತ್ತಲೂ ಎರೆಯ ಹೊಲ; ಜೋಳ, ಕಡಲೆ, ಹತ್ತಿಗಳ ಸೀಮೆ. ಸಮುದ್ರವು ಇಲ್ಲಿಂದ ನೂರು ಕಿಲೋಮೀಟರಿಗೂ ಮಿಕ್ಕಿ ದೂರದಲ್ಲಿದ್ದು ನಡುವೆ ಮಲೆನಾಡಿನ ಅಡವಿಯೂ ಘಟ್ಟವೂ ಅಡ್ಡವಾಗಿರುವವು. ಇಂಥ ಊರಿನಲ್ಲಿ ನಿಂತು ಕಡಲ ದಂಡೆಯ ಕಸದ ಮಾತನ್ನು ಎತ್ತಿದರೆ ವಾಚಕರು ನಕ್ಕಾರು. ಹೊಲದ ಬದುವಿನಲ್ಲಿ ನಿಂತವನಿಗೆ ಹಡಗಿನ ಚಿಂತೆ ಏತಕ್ಕೆ ಎಂದು ಕೇಳಿಯಾರು. ಆದರೆ ಕಡಲ ಕಸದ ಲೆಕ್ಕವನ್ನು ಸರಿಯಾಗಿ ತೆಗೆಯಬೇಕೆಂದಿರುವವನು ದಂಡೆಯಲ್ಲಿ ಆರಂಭಿಸಿದರೆ ಎಡವುವನೆಂದೂ, ಅಮ್ಮಿನಬಾವಿಯಂಥ ಊರುಗಳಲ್ಲಿಯೇ ಆರಂಭಿಸತಕ್ಕದ್ದೆಂದೂ ನಮ್ಮ ಅಭಿಪ್ರಾಯ.

ಹುಬ್ಬಳ್ಳಿ-ಧಾರವಾಡದ ಜನರು ಕುಡಿಯುವ ನೀರು ಎಲ್ಲಿಯದು? ಸವದತ್ತಿಯ ಹತ್ತಿರ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರದ್ದು. ಆ ನೀರು ಅಮ್ಮಿನಬಾವಿಯ ಶುದ್ಧೀಕರಣದ ಸ್ಥಾನದಲ್ಲಿ ಸೋಸಲ್ಪಟ್ಟು ನಗರದ ನಲ್ಲಿಗಳನ್ನು ಮುಟ್ಟುವುದು. ಖಾನಾಪುರ, ಬೈಲಹೊಂಗಲ ಮೊದಲಾದ ಮೇಲಿನ ತಾಲೂಕುಗಳನ್ನು ತೊಳೆದುಕೊಂಡು ಬಂದ ನೀರನ್ನು ನಾವು ಸೋಸಿ ಕುಡಿಯುತ್ತೇವೆ. ಬಳಸಿದ ಮೇಲೆ ಅದೇ ನೀರು ನಮ್ಮ ಗಟಾರುಗಳಿಂದ ಹೊರಟು ಹಳ್ಳಗಳನ್ನು ಸೇರಿ, ಜಲಾಶಯಕ್ಕಿಂತ ಕೆಳಗೆ, ಮುಂದಿನವರ ಪಾಲಿಗೆ ಹೋಗುವುದು. ಮೇಲಿನವರ ಹೊಲಸು ನಮಗೆ, ನಮ್ಮ ಹೊಲಸು ಕೆಳಗಿನವರಿಗೆ. ಎಲ್ಲರಿಗಿಂತ ಕೆಳಗೆ ಇರುವವನು ಕಡಲ ದಂಡೆಯ ಮೀನುಗಾರ. ಅವನ ಮುಂದೆ ಸಮುದ್ರವಲ್ಲದೆ ಬೇರೆ ಯಾರೂ ಇಲ್ಲ.

ಧಾರವಾಡವು ಎರಡು ಕಡಲುಗಳ ನೀರಿನ ಗಡಿಯ ಮೇಲೆ ಕುಳಿತಿರುವ ಊರೆಂಬುದು ಇಲ್ಲಿಯ ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಊರಿನ ಮೂಡಣ ಮಗ್ಗುಲಿನಲ್ಲಿ ಬಿದ್ದ ಮಳೆಯು ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಮೂಲಕ ಕೊನೆಗೆ ಮಲಪ್ರಭೆಗೂ, ಕೂಡಲಸಂಗಮದಲ್ಲಿ ಕೃಷ್ಣೆಗೂ, ಅಲ್ಲಿಂದ ಬಂಗಾಲದ ಕೊಲ್ಲಿಗೂ ಸಾಗುವುದು. ಪಡುವಣ ಮಗ್ಗುಲಿನ ಮಳೆಯು ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯನ್ನು ಕೂಡಿ, ಕಲಘಟಗಿಯ ಕಡೆಗೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಅಂಕೋಲೆಯ ತಾಲೂಕಿನಲ್ಲಿ ಅರಬೀ ಸಮುದ್ರವನ್ನು ಸೇರುವುದು. ಹೀಗಿರುವಲ್ಲಿ ನಮ್ಮ ಓಣಿಯ ಒಂದು ಚೀಲವು ಗಾಳಿಗೆ ಹಾರಿ ಯಾವ ಗಟಾರಿನಲ್ಲಿ ಬಿದ್ದಿತೆಂಬುದರ ಮೇಲೆ ಅದರ ಕಡಲು ನಿಶ್ಚಯವಾಗುವುದು.

ಇದಕ್ಕೆ ಒಂದು ಆಕ್ಷೇಪವು ಬರುವದು ಸಹಜ. ಅದು ನ್ಯಾಯವಾದ ಆಕ್ಷೇಪವೇ ಆದುದರಿಂದ ಮರೆಮಾಚುವ ಕಾರಣವಿಲ್ಲ. ಅಮ್ಮಿನಬಾವಿಯ ಚೀಲವು ನಿಜವಾಗಿಯೂ ಸಮುದ್ರವನ್ನು ಮುಟ್ಟುವುದೇ? ಮೂಡಣದ ದಾರಿಯಲ್ಲಿ ನಾರಾಯಣಪುರ, ಜೂರಾಲ, ಶ್ರೀಶೈಲ, ನಾಗಾರ್ಜುನಸಾಗರ ಎಂದು ಕಟ್ಟೆಯ ಮೇಲೆ ಕಟ್ಟೆ ಇರುವವು. ಬಹುಭಾಗವು ಹಳ್ಳದ ಮುಳ್ಳುಕಂಟಿಗಳಲ್ಲಿ ಸಿಕ್ಕಿಕೊಂಡು, ಇಲ್ಲವೆ ಜಲಾಶಯಗಳ ತಳದಲ್ಲಿ ಹೂತು ಅಲ್ಲಿಯೇ ಉಳಿಯುವುದು. ಪಡುವಣದ ಮಾತು ಬೇರೆ. ಹುಬ್ಬಳ್ಳಿಗೆ ನೀರು ಕೊಟ್ಟ ನೀರಸಾಗರವನ್ನು ಬಿಟ್ಟರೆ ಬೇಡ್ತಿ-ಗಂಗಾವಳಿಯ ಹರಿವಿಗೆ ದೊಡ್ಡ ಅಣೆಕಟ್ಟೆ ಇಲ್ಲ. ಕರ್ನಾಟಕದ ನದಿಗಳಲ್ಲಿ ಇದು ಅಪರೂಪದ ಭಾಗ್ಯ. ಮಲೆನಾಡಿನವರು ಹೋರಾಡಿ ಉಳಿಸಿಕೊಂಡ ಭಾಗ್ಯವೂ ಹೌದು. ಆದರೆ ಮೀನಿಗೂ ಮರಳಿಗೂ ತೆರೆದ ದಾರಿಯು ಕಸಕ್ಕೂ ತೆರೆದ ದಾರಿಯೇ ಆಗಿರುವುದು. ಬೇಸಗೆಯಲ್ಲಿ ಸೊರಗಿ ಹೋದ ಶಾಲ್ಮಲೆಯ ಪಾತ್ರದಲ್ಲಿ ಎಂಟು ತಿಂಗಳು ಬಿದ್ದ ಕಸವೆಲ್ಲವೂ ಜೂನ್ ತಿಂಗಳ ಮೊದಲ ಕೆಂಪು ನೀರಿನೊಡನೆ ಒಮ್ಮೆಲೇ ಹೊರಡುವುದು.

ಜಗತ್ತಿನ ವಿದ್ವಾಂಸರು ಈ ವಿಷಯದಲ್ಲಿ ಏನು ಹೇಳಿರುವರೆಂಬುದನ್ನು ನೋಡುವಾ. 2015ರಲ್ಲಿ ಪ್ರಕಟವಾದ ಪ್ರಸಿದ್ಧವಾದ ಒಂದು ಲೆಕ್ಕಾಚಾರದ ಪ್ರಕಾರ 2010ನೆಯ ಒಂದೇ ಇಸವಿಯಲ್ಲಿ 192 ಕರಾವಳಿ ದೇಶಗಳಿಂದ 48 ಲಕ್ಷದಿಂದ 127 ಲಕ್ಷ ಟನ್ನಿನವರೆಗೆ ಪ್ಲಾಸ್ಟಿಕ್ಕು ಸಮುದ್ರಕ್ಕೆ ಸೇರಿತು. ಈ ಅಂಕಿಯನ್ನು ಎಲ್ಲ ಸಭೆಗಳಲ್ಲಿಯೂ ಉದ್ಧರಿಸುವರು. ಅದನ್ನು ತೆಗೆದ ಬಗೆಯನ್ನು ಮಾತ್ರ ಹೇಳುವವರು ಕಡಿಮೆ. ಕಡಲಿನಿಂದ 50 ಕಿಲೋಮೀಟರಿನೊಳಗೆ ವಾಸಿಸುವ ಜನರ ಕಸವನ್ನಷ್ಟೇ ಅದರಲ್ಲಿ ಲೆಕ್ಕಕ್ಕೆ ಹಿಡಿದಿದ್ದರು. ಅಂದರೆ ಧಾರವಾಡವಾಗಲಿ ಹುಬ್ಬಳ್ಳಿಯಾಗಲಿ ಅಮ್ಮಿನಬಾವಿಯಾಗಲಿ ಆ ಲೆಕ್ಕದ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಮುಂದೆ 2021ರಲ್ಲಿ ಬಂದ ಇನ್ನೊಂದು ಅಧ್ಯಯನವು ನದಿಗಳನ್ನೇ ಹಿಡಿದು ಲೆಕ್ಕ ಮಾಡಿತು. ನದಿಗಳಿಂದ ಕಡಲಿಗೆ ಹೋಗುವ ಪ್ಲಾಸ್ಟಿಕ್ಕಿನ ಶೇಕಡಾ 80 ಭಾಗವನ್ನು ಹೊರುವ ನದಿಗಳು ಹತ್ತಲ್ಲ, ಇಪ್ಪತ್ತಲ್ಲ, ಸಾವಿರಕ್ಕೂ ಮಿಕ್ಕಿರುವವೆಂದು ಅದರ ನಿರ್ಣಯ. ಭೂಪಟದಲ್ಲಿ ಗೆರೆಯಂತೆ ಕಾಣುವ, ಊರುಗಳ ನಡುವೆ ಹರಿಯುವ ಸಣ್ಣ ಹೊಳೆಗಳು ಗಂಗೆ, ಯಾಂಗ್ಟ್ಸಿಗಳಂಥ ಮಹಾನದಿಗಳಿಗಿಂತ ತಮ್ಮ ಗಾತ್ರಕ್ಕೆ ಹೆಚ್ಚು ಅಪರಾಧಿಗಳೆಂದು ಅದು ತೋರಿಸಿತು. ಕಡಲಿನಿಂದ ದೂರ ಹೋದಂತೆ ಕಸವು ಕಡಲನ್ನು ಮುಟ್ಟುವ ಸಂಭವವು ಕಡಿಮೆಯಾಗುವುದೆಂದೂ ಅದೇ ಅಧ್ಯಯನವು ಹೇಳುವುದು. ಆದುದರಿಂದ ಧಾರವಾಡದವರು ಎಲ್ಲ ತಪ್ಪನ್ನೂ ತಲೆಯ ಮೇಲೆ ಹೊರಬೇಕಾದುದಿಲ್ಲ. ಎಷ್ಟು ತಪ್ಪು ತಮ್ಮದೆಂಬುದನ್ನು ಅಳೆದು ತಿಳಿಯಬೇಕಾದುದಿದೆ.

ಈಗ ದಂಡ ತೆರುವವರನ್ನು ನೋಡೋಣ. ಉತ್ತರ ಕನ್ನಡದ ದಂಡೆಯಲ್ಲಿ ಕೈರಂಪಣಿಯ ಬಲೆಯನ್ನು ಎಳೆಯುವುದನ್ನು ನೋಡಿದವರಿಗೆ ಈ ಮಾತು ಬೇಗನೆ ಮನದಟ್ಟಾಗುವುದು. ಹತ್ತಾರು ಜನರು ಎರಡು ಸಾಲಾಗಿ ನಿಂತು, ಅರ್ಧ ಮುಂಜಾವನ್ನು ಕಳೆದು, ಕಡಲಿನಿಂದ ಬಲೆಯನ್ನು ದಡಕ್ಕೆ ತರುವರು. ಮಳೆಗಾಲದ ನಂತರದ ದಿನಗಳಲ್ಲಿ ಆ ಬಲೆಯೊಳಗೆ ಬಂಗಡೆ, ತಾರ್ಲಿಗಳ ಜೊತೆಯಲ್ಲಿ ಚೀಲ, ಬಾಟಲಿ, ಚಪ್ಪಲಿ, ಔಷಧದ ಪಟ್ಟಿ, ಹರಿದ ನೈಲಾನು ಬಲೆಯ ಉಂಡೆ ಇವೆಲ್ಲ ಬರುವವು. ಮೀನನ್ನು ಆರಿಸುವ ಹೆಣ್ಣುಮಕ್ಕಳು ಮೊದಲು ಕಸವನ್ನು ಆರಿಸಬೇಕು. ಆ ಹೊತ್ತಿಗೆ ಕೂಲಿ ಇಲ್ಲ. ಆರಿಸಿದ ಕಸವನ್ನು ಏನು ಮಾಡಬೇಕು? ಒಯ್ಯಲು ಗಾಡಿ ಇಲ್ಲದಲ್ಲಿ ಅದು ದಂಡೆಯ ಮೇಲೆಯೇ ಉಳಿದು ಮುಂದಿನ ಉಬ್ಬರದಲ್ಲಿ ತಿರುಗಿ ಕಡಲಿಗೆ ಹೋಗುವುದು. ಮರುದಿನ ಅದೇ ಬಲೆಯಲ್ಲಿ ತಿರುಗಿ ಬರುವುದು. ಒಂದೇ ಕಸವನ್ನು ಬಡವನು ಎಷ್ಟು ಸಲ ಹಿಡಿಯಬೇಕು! ಯಂತ್ರದ ದೋಣಿಯವನ ಕಷ್ಟ ಇನ್ನೊಂದು ಬಗೆಯದು. ಪಂಕಕ್ಕೆ ಹಗ್ಗವೋ ಬಲೆಯ ಚಿಂದಿಯೋ ಸುತ್ತಿಕೊಂಡರೆ ದೋಣಿಯು ನಡುನೀರಿನಲ್ಲಿ ನಿಲ್ಲುವುದು. ಒಬ್ಬನು ಕತ್ತಿ ಹಿಡಿದು ಕೆಳಗಿಳಿಯಬೇಕು. ಹರಿದ ಬಲೆಯು ಮೀನುಗಾರನದೇ ಅಲ್ಲವೇ ಎಂದು ಕೇಳುವವರು ಉಂಟು. ಅಹುದು, ಅವನದೇ. ತನ್ನ ಪಾಲಿನ ತಪ್ಪನ್ನು ಅವನು ಒಪ್ಪಿಕೊಳ್ಳಲಿ; ಚಪ್ಪಲಿಯೂ ಔಷಧದ ಪಟ್ಟಿಯೂ ಅವನವಲ್ಲ. ಹೊನ್ನಾವರದ ಕಾಸರಕೋಡು ಟೊಂಕದ ಉಸುಬಿನಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆಗಳಂತೂ ಈ ವ್ಯವಹಾರದಲ್ಲಿ ಯಾರಿಗೂ ಏನನ್ನೂ ಮಾರಿದವುಗಳಲ್ಲ.

ತಪ್ಪಿತಸ್ಥನು ಒಬ್ಬನೇ ಆಗಿರುವಾಗ ದಂಡವನ್ನು ಕೇಳುವುದು ಸುಲಭ. 2025ರ ಮೇ 25ರಂದು ಕೊಚ್ಚಿಯ ಹತ್ತಿರದ ಕಡಲಿನಲ್ಲಿ ಎಂ.ಎಸ್.ಸಿ. ಎಲ್ಸಾ-3 ಎಂಬ ಹಡಗು ಮುಳುಗಿತು. ಅದರ ಪೆಟ್ಟಿಗೆಗಳಿಂದ ಹೊರಬಿದ್ದ ಪ್ಲಾಸ್ಟಿಕ್ಕಿನ ಕಾಳುಗಳು ಕೇರಳದ ದಂಡೆಯಲ್ಲಿ ಹರಡಿದವು. ಕೇರಳ ಸರಕಾರವು ಉಚ್ಚ ನ್ಯಾಯಾಲಯದಲ್ಲಿ ಹಡಗಿನವರ ಮೇಲೆ 9,531 ಕೋಟಿ ರೂಪಾಯಿಗಳ ದಾವೆಯನ್ನು ಹೂಡಿತು. ಹಡಗಿಗೆ ಹೆಸರುಂಟು, ಒಡೆಯನುಂಟು, ವಿಮೆಯುಂಟು. ಸಾವಿರ ಊರುಗಳ ಗಟಾರುಗಳಿಂದ ದಿನದಿನಕ್ಕೂ ಇಳಿಯುವ ಕಸದ ಮೇಲೆ ಯಾರು ದಾವೆ ಹೂಡಬೇಕು, ಯಾರ ಮೇಲೆ ಹೂಡಬೇಕು? ಇಲ್ಲಿ ನ್ಯಾಯಾಲಯವು ಕೈಲಾಗದೆ ನಿಂತ ಕೆಲಸವನ್ನು ಸರಕಾರದ ಬೊಕ್ಕಸವು ಮಾಡಬೇಕಾಗುವುದು. ಕಡಲ ಕಸದ ವಿಷಯದಲ್ಲಿ ಸಾರ್ವಜನಿಕ ದ್ರವ್ಯವನ್ನು ವೆಚ್ಚ ಮಾಡುವುದಕ್ಕೆ ಇರುವ ನಿಜವಾದ ಸಮರ್ಥನೆ ಇದೇ. ಇದು ಮೀನುಗಾರನಿಗೆ ಕೊಡುವ ದಾನವಲ್ಲ. ನಾವು ತೆರಬೇಕಾದ ದಂಡವನ್ನು ಕಂತಿನಲ್ಲಿ ತೆರುವ ವ್ಯವಸ್ಥೆ.

ಗಂಗಾವಳಿಯು ಕಡಲನ್ನು ಸೇರುವ ಅಂಕೋಲೆಯ ದಂಡೆಯು ನಮ್ಮ ಸೀಮೆಯವರಿಗೆ ಪರಕೀಯವಾದುದಲ್ಲ. 1930ರ ಏಪ್ರಿಲ್ 13ರಂದು ಕರ್ನಾಟಕದ ಉಪ್ಪಿನ ಸತ್ಯಾಗ್ರಹವು ಅಲ್ಲಿಯೇ ನಡೆಯಿತು, ಎಂ.ಪಿ. ನಾಡಕರ್ಣಿಯವರು ಕಾಯಿದೆಯನ್ನು ಮುರಿದು ಸೆರೆಗೆ ಹೋದರು. ಕಡಲನ್ನೇ ಕಾಣದ ಒಳನಾಡಿನವರಿಗೂ ಆಗ ಆ ದಂಡೆಯು ತಮ್ಮದೆನಿಸಿತ್ತು, ಏತಕ್ಕೆಂದರೆ ಊಟದ ಉಪ್ಪು ಅಲ್ಲಿಂದ ಬರುತ್ತಿತ್ತು. ಇಂದು ಒಳನಾಡಿನಿಂದ ಅಲ್ಲಿಗೆ ಹೋಗುವುದು ಕಸ. ಇದನ್ನು ಇಷ್ಟಕ್ಕೇ ಬಿಡುವೆವು.

ಸರಕಾರವು ದ್ರವ್ಯವನ್ನು ಕೊಡುತ್ತಿಲ್ಲವೆಂದು ಹೇಳುವುದು ಸತ್ಯವಾಗಲಾರದು. ವಿಶ್ವಬ್ಯಾಂಕಿನ ನೆರವಿನಿಂದ ಸುಮಾರು 840 ಕೋಟಿ ರೂಪಾಯಿಗಳ ಕೆ-ಶೋರ್ ಎಂಬ ಯೋಜನೆಯನ್ನು ಕರ್ನಾಟಕ ಸರಕಾರವು ಇತ್ತೀಚಿನ ವರ್ಷಗಳಲ್ಲಿ ಕೈಗೆತ್ತಿಕೊಂಡಿದೆ. ಕರಾವಳಿಯ ಪ್ಲಾಸ್ಟಿಕ್ಕಿನ ಕಸವನ್ನು ತಗ್ಗಿಸುವುದು ಅದರ ಮುಖ್ಯ ಉದ್ದೇಶಗಳಲ್ಲೊಂದು. ಕೇಂದ್ರ ಸರಕಾರವು 2022ರಲ್ಲಿ ಜುಲೈ 5ರಿಂದ ಸೆಪ್ಟೆಂಬರ್ 17ರವರೆಗೆ 75 ದಿವಸಗಳ ಪರ್ಯಂತ 75 ಕಡಲ ದಂಡೆಗಳಲ್ಲಿ ಸ್ವಚ್ಛ ಸಾಗರದ ಅಭಿಯಾನವನ್ನು ನಡೆಸಿತು. ಕಾಸರಕೋಡಿಗೂ ಪಡುಬಿದ್ರಿಗೂ 2020ರಲ್ಲಿ ನೀಲಿ ಧ್ವಜದ ಮನ್ನಣೆ ದೊರೆಯಿತು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ನಮ್ಮಲ್ಲಿ ಸಾರ್ವಜನಿಕ ಕೆಲಸಕ್ಕೆ ಒಂದು ಚಟ ಅಂಟಿಕೊಂಡಿದೆ. ವರ್ಷಕ್ಕೊಂದು ದಿನ ಅಧಿಕಾರಿಗಳೂ ಶಾಲೆಯ ಮಕ್ಕಳೂ ಕೈಚೀಲ ತೊಟ್ಟು ದಂಡೆಗೆ ಹೋಗುವರು; ಭಾಷಣವಾಗುವುದು, ಛಾಯಾಚಿತ್ರವಾಗುವುದು, ಉಪಾಹಾರವಾಗುವುದು. ಉಪಾಹಾರದ ತಟ್ಟೆಗಳು ಯಾವುದರಿಂದ ಮಾಡಿದವೆಂಬುದನ್ನು ಕೇಳುವುದು ಅಸಭ್ಯತನವಾದೀತು. ಸಂಜೆಗೆ ಎಷ್ಟು ಟನ್ನು ಎತ್ತಿದೆವೆಂಬ ಸುದ್ದಿ ಪತ್ರಿಕೆಗಳಿಗೆ ಬರುವುದು. ಏನನ್ನು ಎತ್ತಿದೆವು, ಅದು ಎಲ್ಲಿಂದ ಬಂದಿತು ಎಂಬುದು ಮಾತ್ರ ಬರುವುದಿಲ್ಲ.

ಈ ದಂಡೆ ತೊಳೆಯುವ ಪದ್ಧತಿಯ ಮೂಲದಲ್ಲಿ ಬೇರೊಂದು ವಿಚಾರವೇ ಇತ್ತು. 1986ರಲ್ಲಿ ಅಮೇರಿಕದ ಟೆಕ್ಸಾಸಿನಲ್ಲಿ 2,800 ಸ್ವಯಂಸೇವಕರು ಮೊದಲ ಸಲ ಹೀಗೆ ದಂಡೆಗೆ ಇಳಿದಾಗ ಪ್ರತಿಯೊಬ್ಬರ ಕೈಯಲ್ಲಿ ಚೀಲದ ಸಂಗಡ ಒಂದು ಪಟ್ಟಿಯೂ ಇತ್ತು. ಎತ್ತಿದ ಒಂದೊಂದು ವಸ್ತುವನ್ನೂ ಅದರಲ್ಲಿ ಬರೆಯಬೇಕು. ಪಟ್ಟಿಗಳನ್ನು ಕೂಡಿಸಿದಾಗ ಕಸವು ಯಾವ ಬಗೆಯದು, ಎಷ್ಟರ ಮಟ್ಟಿಗೆ ಹಡಗುಗಳಿಂದ ಬಂದುದು ಎಂಬ ಮಾತಿಗೆ ಸಾಕ್ಷಿ ದೊರೆಯುವುದು. ಹಡಗುಗಳು ಪ್ಲಾಸ್ಟಿಕ್ಕನ್ನು ಕಡಲಿಗೆ ಚೆಲ್ಲಕೂಡದೆಂಬ ಅಂತರರಾಷ್ಟ್ರೀಯ ನಿಯಮವು 1988ರ ಡಿಸೆಂಬರ್ 31ರಿಂದ ಜಾರಿಗೆ ಬಂದ ಕಾಲ ಅದು. ಎಣಿಸದೆ ಎತ್ತಿದ ಕಸವು ಕಸವೇ. ಎಣಿಸಿ ಎತ್ತಿದ್ದು ಪುರಾವೆ.

ಸಂಶೋಧನೆಗೆ ಹಣವೇಕೆ, ಆ ಹಣದಿಂದ ನಾಲ್ಕು ಗಾಡಿ ಕೊಳ್ಳಬಾರದೇ ಎಂದು ಕೇಳುವ ಪುರಸಭಾಸದಸ್ಯರಿಗೆ ಇದೇ ನಮ್ಮ ಉತ್ತರ. ಗಾಡಿಯನ್ನು ಯಾವ ಓಣಿಗೆ ಕಳುಹಿಸಬೇಕೆಂಬುದನ್ನು ತಿಳಿಯುವುದಕ್ಕಾಗಿ ಸಂಶೋಧನೆ ಬೇಕು. ಮಣಿಪಾಲದ ಸಂಶೋಧಕರು ನೇತ್ರಾವತಿಯನ್ನು ಮೂಲದಿಂದ ಮುಖದವರೆಗೆ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಕೆಲಸವು ಇದಕ್ಕೆ ಒಳ್ಳೆಯ ಮೇಲ್ಪಂಕ್ತಿ. ಒಂದು ಘನ ಮೀಟರು ನೀರಿನಲ್ಲಿ ಸರಾಸರಿ 288 ಪ್ಲಾಸ್ಟಿಕ್ಕಿನ ಕಣಗಳನ್ನೂ, ಹೊಳೆಯ ತಳದ ಒಂದು ಕಿಲೋ ಮಣ್ಣಿನಲ್ಲಿ 96 ಕಣಗಳನ್ನೂ ಅವರು ಎಣಿಸಿದರು. ದಂಡೆಯಲ್ಲಿ ಎಷ್ಟು ಕಸ ಬಿದ್ದಿದೆ ಎಂದು ನೋಡಿ ನಿಲ್ಲದೆ, ಹೊಳೆಯ ಗುಂಟ ಮೇಲಕ್ಕೆ ನಡೆದುದು ಇದರ ಹೆಚ್ಚುಗಾರಿಕೆ. ಇಂಥ ಕೆಲಸವು ಗಂಗಾವಳಿಗೂ ಆಗತಕ್ಕದ್ದು. ಒಮ್ಮೆ ಮಾಡಿ ಬಿಡುವುದಲ್ಲ. ವರ್ಷವರ್ಷಕ್ಕೂ ಅದೇ ಸ್ಥಳ, ಅದೇ ತಿಂಗಳು, ಅದೇ ಬಲೆಯಿಂದ ಆಗತಕ್ಕದ್ದು. ಒಂದು ವರ್ಷದ ಅಂಕಿಯಿಂದ ರೋಗ ತಿಳಿದೀತು. ಔಷಧವು ನಾಟಿತೋ ಇಲ್ಲವೋ ಎಂಬುದು ಐದು ವರ್ಷಗಳ ಅಂಕಿಯಿಂದಲೇ ತಿಳಿಯಬೇಕು. ಮೂರು ವರ್ಷಕ್ಕೆ ಮುಗಿಯುವ ಅನುದಾನಗಳು ಇಂಥ ಕೆಲಸಕ್ಕೆ ಹೊಂದುವುದಿಲ್ಲ. ವಿದ್ಯಾರ್ಥಿಯು ಪ್ರಬಂಧ ಬರೆದು ಪದವಿ ಪಡೆದು ಹೋಗುವನು, ಹೊಳೆಯು ಹರಿಯುತ್ತಲೇ ಇರುವುದು.

ಈ ಕೆಲಸಕ್ಕೆ ಪರಸ್ಥಳದ ಸಂಸ್ಥೆಯನ್ನು ಹುಡುಕಬೇಕಾದುದೂ ಇಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ವಿಭಾಗವನ್ನು ಬಹುಕಾಲದಿಂದ ನಡೆಯಿಸಿಕೊಂಡು ಬಂದಿದೆ. ಹೊಳೆಯ ತಲೆಯ ಹತ್ತಿರ ಒಂದು ಪೀಠ, ಕಡಲ ದಂಡೆಯಲ್ಲಿ ಇನ್ನೊಂದು ಪೀಠ. ಇಂಥ ಅನುಕೂಲವು ನಾಡಿನಲ್ಲಿ ಎಷ್ಟು ವಿದ್ಯಾಪೀಠಗಳಿಗೆ ಉಂಟು? ಕರಾವಳಿಯ ಯೋಜನೆಯ ಕೋಟಿಗಳಲ್ಲಿ ಒಂದು ಸಣ್ಣ ಪಾಲು, ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ, ಸೋಮೇಶ್ವರದಿಂದ ಗಂಗಾವಳಿಯ ಮುಖದವರೆಗಿನ ಎಣಿಕೆಗೆ ಕಟ್ಟಿಡಲ್ಪಡಲಿ. ಅಂಕಿಗಳು ಪ್ರತಿವರ್ಷ ಕನ್ನಡದಲ್ಲಿ ಪ್ರಕಟವಾಗಲಿ. ಕನ್ನಡದಲ್ಲಿ ಎಂದು ಒತ್ತಿ ಹೇಳುವ ಕಾರಣವುಂಟು. ಕಲಘಟಗಿಯ ಪಂಚಾಯತಿಯ ಸದಸ್ಯನು ಓದಲಾರದ ವರದಿಯಿಂದ ಕಲಘಟಗಿಯ ಹಳ್ಳವು ಶುದ್ಧವಾಗದು.

ಇನ್ನು ಜನಸಮುದಾಯದ ಪ್ರಯತ್ನದ ಮಾತು. ಕೇರಳದ ಕೊಲ್ಲಂ ಜಿಲ್ಲೆಯ ಶಕ್ತಿಕುಳಂಗರ, ನೀಂಡಕರ ಬಂದರುಗಳಲ್ಲಿ 2017ರಲ್ಲಿ ಶುಚಿತ್ವ ಸಾಗರಂ ಎಂಬ ಕಾರ್ಯವು ಆರಂಭವಾಯಿತು. ಮೀನಿನ ದೋಣಿಯವರು ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಕಡಲಿಗೆ ತಿರುಗಿ ಎಸೆಯದೆ ಚೀಲಗಳಲ್ಲಿ ತುಂಬಿ ದಡಕ್ಕೆ ತರುವರು. ಮೀನುಗಾರರ ಮನೆಗಳ ಹೆಣ್ಣುಮಕ್ಕಳು ಸಂಬಳ ಪಡೆದು ಅದನ್ನು ತೊಳೆದು ಬೇರ್ಪಡಿಸುವರು. ಯಂತ್ರದಲ್ಲಿ ಚೂರು ಮಾಡಿದ ಪ್ಲಾಸ್ಟಿಕ್ಕು ರಸ್ತೆಯ ಡಾಂಬರಿನಲ್ಲಿ ಬೆರೆಯುವುದು. ಇಲ್ಲಿ ದೋಣಿಯವನ ಸದ್ಭಾವನೆ, ಸರಕಾರದ ಯಂತ್ರ, ಹೆಣ್ಣುಮಕ್ಕಳ ಕೂಲಿ ಮೂರೂ ಕೂಡಿದವು. ಮೂರರಲ್ಲಿ ಒಂದು ತಪ್ಪಿದರೂ ಚೀಲವು ದಡದಲ್ಲಿಯೇ ಕೊಳೆಯುತ್ತಿತ್ತು. ದಕ್ಷಿಣ ಕೊರಿಯದ ಇಂಚಿಯಾನಿನಲ್ಲಿ 2003ರಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೀನುಗಾರರು ತಂದ ಕಸಕ್ಕೆ ಚೀಲದ ಲೆಕ್ಕದಲ್ಲಿ ಹಣ ಕೊಟ್ಟರು. ಕಸಕ್ಕೆ ಬೆಲೆ ಬಂದರೆ ಊರಿನ ಕಸವನ್ನೇ ಚೀಲದಲ್ಲಿ ತುಂಬಿ ಕಡಲಿನದೆಂದು ತೋರಿಸುವ ಚತುರರು ಹುಟ್ಟಿಕೊಂಡಾರೆಂಬ ಭಯವು ನಮ್ಮವರಿಗೆ ತಟ್ಟನೆ ಹೊಳೆಯುವುದು. ಭಯವು ನಿರಾಧಾರವಲ್ಲ. ಆದರೂ ಎರಡು ತಾಸು ಕಸ ಆರಿಸಿದವಳ ಕೂಲಿಯನ್ನು ಕೊಡದೆ ಉಳಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಕಪಟ. ಅಮೇರಿಕದಲ್ಲಿ 2006ರಲ್ಲಿ ಕಡಲ ಕಸದ ಬಗ್ಗೆಯೇ ಒಂದು ಪ್ರತ್ಯೇಕ ಕಾಯಿದೆಯಾಯಿತು. ಅದರ ಮೇರೆಗೆ ಊರಿನ ಸಂಘಗಳಿಗೆ ಅನುದಾನ ದೊರೆಯುವುದು. ಸಾಮಾನ್ಯವಾಗಿ ಸರಕಾರದ ರೂಪಾಯಿಗೆ ಸರಿಯಾಗಿ ಊರವರೂ ತಮ್ಮ ರೂಪಾಯಿಯನ್ನೋ ದುಡಿಮೆಯನ್ನೋ ಹಾಕಬೇಕು. ನಿಯಮವು ಕೇಳಲು ಚೆಂದ. ಟೊಂಕದ ಮೀನುಗಾರನಿಗೆ ಮಾತ್ರ ಅದನ್ನು ಹಚ್ಚಕೂಡದು. ಅವನ ಪಾಲಿನ ದುಡಿಮೆಯು ಈಗಾಗಲೇ ಜಮೆಯಾಗಿದೆ. ಸರಿಪಾಲು ಹಾಕತಕ್ಕವರು ಘಟ್ಟದ ಮೇಲಿನ ನಗರಗಳು.

ನಗರಗಳ ಸ್ಥಿತಿಯು ಹೇಗಿದೆ? ಹುಬ್ಬಳ್ಳಿಯ ಹಳೆಯ ಕಸದ ರಾಶಿಯು ಕಾರವಾರದ ರಸ್ತೆಯಲ್ಲಿಯೇ ಬೆಳೆದುದು. ಕಸಕ್ಕೂ ತನ್ನ ಕೊನೆಯ ನಿಲ್ದಾಣದ ಕಡೆಗೆ ಮುಖವಿದ್ದಂತೆ ತೋರುವುದು. ಕರ್ನಾಟಕ ಸರಕಾರವು 2016ರಲ್ಲಿ ಪ್ಲಾಸ್ಟಿಕ್ಕಿನ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳನ್ನು ಕೇಂದ್ರ ಸರಕಾರವೂ ನಿಷೇಧಿಸಿತು. ಗುಟಕಾ, ಪಾನಮಸಾಲೆಗಳನ್ನು ಪ್ಲಾಸ್ಟಿಕ್ಕಿನ ಚೀಟಿನಲ್ಲಿ ಕಟ್ಟಕೂಡದೆಂಬ ನಿಯಮವು ಅದಕ್ಕಿಂತಲೂ ಹಳೆಯದು. ಪ್ಯಾಟೆಯ ಯಾವ ಗಟಾರನ್ನು ಬೇಕಾದರೂ ಇಣಿಕಿ ನೋಡಿ ಈ ನಿಯಮಗಳ ಆಯುಷ್ಯವನ್ನು ವಾಚಕರೇ ಅಳೆಯಬಹುದು. ಬಾಟಲಿಯನ್ನು ಆಯುವವನುಂಟು, ಏಕೆಂದರೆ ಅದಕ್ಕೆ ಗುಜರಿಯಲ್ಲಿ ಬೆಲೆ ಇದೆ. ಗುಟಕಾದ ಚೀಟು, ಶಾಂಪೂವಿನ ಚೀಟು, ಕುರುಕಲು ತಿಂಡಿಯ ಹೊದಿಕೆ ಇವನ್ನು ಆಯುವವರಿಲ್ಲ. ಹೊಳೆಗೆ ಹೋಗುವುವು ಇವೇ.

ಹಳ್ಳಿಗಳಲ್ಲಿ ದಾರಿ ಇಲ್ಲವೆಂದಲ್ಲ. ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ನು ಒಣಕಸವನ್ನು ಬೇರ್ಪಡಿಸುವ ಒಂದು ಘಟಕವನ್ನು ಸ್ಥಾಪಿಸಿ, ಸುತ್ತಣ ಹತ್ತಾರು ಗ್ರಾಮ ಪಂಚಾಯತಿಗಳ ಕಸವನ್ನು ಅಲ್ಲಿಗೆ ತರುವ ವ್ಯವಸ್ಥೆ ಮಾಡಿದರು. ಒಂದು ಪಂಚಾಯತಿಗೆ ಭಾರವಾದ ಚೀಟಿನ ಕಸವು ಹತ್ತಾರು ಪಂಚಾಯತಿಗಳಿಂದ ಕೂಡಿದಾಗ ಒಂದು ಲಾರಿಯ ಸರಕಾಗುವುದು. ಸಿಮೆಂಟಿನ ಭಟ್ಟಿಯವನಾದರೂ ಅದನ್ನು ಒಯ್ಯುವನು. ನಿಟ್ಟೆಯು ಕಡಲ ದಂಡೆಯ ಊರಲ್ಲವೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಅಲ್ಲಿ ಹಿಡಿದ ಕಸವು ಹೊಳೆಯನ್ನೇ ಕಾಣದೆ ಹೋಯಿತು. ಅಮ್ಮಿನಬಾವಿಯಂಥ ದೊಡ್ಡ ಊರು ಸುತ್ತಣ ಪಂಚಾಯತಿಗಳನ್ನು ಕೂಡಿಸಿಕೊಂಡು ಇಂಥ ಘಟಕಕ್ಕೆ ಕೇಂದ್ರವಾಗಬಲ್ಲುದು. ಎರಡು ನಗರಗಳ ನೀರನ್ನು ಸೋಸುವ ಊರಿಗೆ ಸೋಸುವ ಕೆಲಸವು ಹೊಸತಲ್ಲ. ಆ ಖರ್ಚಿನಲ್ಲಿ ಕರಾವಳಿಯ ಯೋಜನೆಯ ಹಣವೂ ಸೇರಿದರೆ, ಕಡಲಿಗೆ ಸಂಬಂಧವಿಲ್ಲದ ಊರಿಗೆ ಕಡಲಿನ ಹಣವೇಕೆಂದು ಲೆಕ್ಕ ತಪಾಸಣೆಯ ಅಧಿಕಾರಿಗಳು ಆಕ್ಷೇಪವೆತ್ತಿಯಾರು. ಗಂಗಾವಳಿಯ ಎಣಿಕೆಯ ಅಂಕಿಗಳು ಕೈಯಲ್ಲಿದ್ದರೆ ಅವರಿಗೆ ಉತ್ತರ ಕೊಡಬಹುದು. ಅಂಕಿಗಳಿಲ್ಲದಿದ್ದರೆ ಆಕ್ಷೇಪವೇ ಗೆಲ್ಲುವುದು.

ಎಣಿಕೆಯನ್ನು ಯಾವಾಗ ಮಾಡಬೇಕು, ಯಾರು ಮಾಡಬೇಕು ಎಂಬುದು ಕೊನೆಯ ಪ್ರಶ್ನೆ. ಹೊಳೆಯು ಕಸವನ್ನು ಹೊತ್ತು ತರುವುದು ಮೊದಲ ಮಳೆಗಳಲ್ಲಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿವಸ ಯಂತ್ರದ ದೋಣಿಗಳು ಕಡಲಿಗಿಳಿಯಕೂಡದೆಂಬ ನಿಯಮವಿದೆ. ಅವೇ ದಿನಗಳಲ್ಲಿ ಗಂಗಾವಳಿಯ ಸೇತುವೆಗಳ ಕೆಳಗೆ ಕಸವು ಹಾಯುವುದು. ಅವೇ ದಿನಗಳಲ್ಲಿ ನೀರನ್ನೂ ಬಲೆಯನ್ನೂ ಬಲ್ಲ ನೂರಾರು ಜನರು ಅಂಕೋಲೆ, ಕಾರವಾರಗಳ ದಂಡೆಯಲ್ಲಿ ಕೂಲಿಯಿಲ್ಲದೆ ಕುಳಿತಿರುವರು. ಅವರಲ್ಲಿ ಕೆಲವರಿಗೆ ದಿನಗೂಲಿ ಕೊಟ್ಟು, ಕೋಡಿಬಾಗದ ವಿದ್ಯಾರ್ಥಿಗಳ ಜೊತೆಗೆ ಸೇತುವೆಯ ಮೇಲೆ ಬಲೆ ಹಿಡಿದು ನಿಲ್ಲಿಸುವುದಕ್ಕೆ 840 ಕೋಟಿಯಲ್ಲಿ ಎಷ್ಟು ಬೇಕಾದೀತು?